ಒಂದು ವಾರ ತಡೆ

ಕೊರಿನ್ ಮಗಳ ಕೂದಲಿನ ಸಿಕ್ಕು ಬಿಡಿಸುತ್ತಿದ್ದಳು. ಒಂದು ಜಡೆ ಮುಗಿದಿತ್ತು, ಇನ್ನೊಂದು ಕಡೆ ಹಕ್ಕಿಗೂಡು. ಟೋಸ್ಟರಿನಲ್ಲಿ ಬ್ರೆಡ್ಡು ಸೀಯುವ ವಾಸನೆ.

"ಅಮ್ಮಾ, ಒಂದು ಕೇಳ್ಲಾ?" ಎಂದಳು ಟಿಲ್ಲಿ.

"ಕೇಳು ಪುಟ್ಟಾ."

ಅಷ್ಟರಲ್ಲಿ ಫೋನು. ಸೆನೆಟರ್ ಹಾಲೊರನ್. ಅವರ ಕಾನೂನು ಸಲಹೆಗಾರ್ತಿ ಕೊರಿನ್, ಎತ್ತದೆ ವಿಧಿಯಿಲ್ಲ.

"ನೋಡಮ್ಮ, ಆ ವಾರ್ಡ್‌ವೆಲ್ ಸುಪ್ರೀಂ ಕೋರ್ಟಿನ ಜಡ್ಜ್ ಆಗೋದು ಆಗೇ ಆಗ್ತಾನೆ. ವೋಟು ಅಧ್ಯಕ್ಷರ ಪಕ್ಷದ ಹತ್ರ ಇದೆ. ಗೆಲ್ಲದ ಜಗಳ ಯಾಕೆ, ಚುನಾವಣೆಗೆ ಉಸಿರು ಉಳಿಸ್ಕೊಳ್ಳೋಣ ಅಂತಾರೆ ನಮ್ಮೋರಲ್ಲಿ ಅರ್ಧ ಜನ. ಇವತ್ತು ಬಾಯಿ ಮುಚ್ಕೊಂಡ್ರೆ ಜನ ಮುಖಕ್ಕೆ ಉಗೀತಾರೆ ಅಂತಾರೆ ಇನ್ನರ್ಧ. ನೀನು ಹೇಳು. ಹೋರಾಡ್ಲಾ, ಬಿಡ್ಲಾ?"

"ಆಫೀಸಿಗೆ ಬಂದು ಹೇಳ್ತೀನಿ ಮೇಡಂ."

ಟಿಲ್ಲಿ ಒಂದೇ ಜಡೆಯಲ್ಲಿ ಶಾಲೆಗೆ ಹೋದಳು. ಕೇಳಬೇಕಾದದ್ದು ಅವಳ ಬಾಯಲ್ಲೇ ಉಳಿಯಿತು.

ಉತ್ತರ ಕೊರಿನ್‌ಗೆ ಗೊತ್ತಿರಲಿಲ್ಲ ಎಂದಲ್ಲ. ಕೋಳಿ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡ ಹೆಂಗಸರ ಮೊಕದ್ದಮೆಯನ್ನು ಒಳಗೇ ಬಿಟ್ಟುಕೊಳ್ಳದೆ ಬಾಗಿಲು ಹಾಕಿದ್ದವನು ಆ ವಾರ್ಡ್‌ವೆಲ್. ಅವಳಿಗೆ ನಂಬಿಕೆ ಬಾರದಿದ್ದದ್ದು ತನ್ನ ಮೇಲೆಯೇ. ಏಕೆಂದರೆ ಆ ನ್ಯಾಯಾಧೀಶನನ್ನು ವೋಟಿಗಾಗಿ ಕೈಹಿಡಿದು ಸೆನೆಟರುಗಳ ಕೋಣೆ ಕೋಣೆಗೂ ಕರೆದೊಯ್ಯುತ್ತಿದ್ದವನು, ಶ್ವೇತಭವನದ ಕಡೆಯ ವಕೀಲ ಡೆಸ್ಮಂಡ್ ಪ್ರೂಯಿಟ್. ಭಾನುವಾರಗಳಲ್ಲಿ ಟಿಲ್ಲಿಯ ಸೈಕಲ್ ಹಿಡಿದು ಓಡುತ್ತಿದ್ದವನೂ ಅವನೇ.

ಇಬ್ಬರ ಪರಿಚಯ ಆದದ್ದೂ ಜಗಳದಿಂದಲೇ. ಸೆನೆಟ್ ಕ್ಯಾಂಟೀನಿನಲ್ಲಿ ಉಳಿದಿದ್ದ ಕೊನೆಯ ಬಟ್ಟಲು ಬೀನ್ಸ್ ಸೂಪಿಗೆ ಇಬ್ಬರೂ ಕೈ ಹಾಕಿದ್ದರು. ಕೊನೆಗೆ ಒಂದೇ ಬಟ್ಟಲಿಗೆ ಎರಡು ಚಮಚ ಕೇಳಿ ತಂದವನು ಅವನು.

ಹೋದ ಗುರುವಾರ ಅದೇ ಕ್ಯಾಂಟೀನಿನಲ್ಲಿ ಅವನು ಮೆಲ್ಲಗೆ ಕೇಳಿದ್ದ, "ನನ್ನ ಮದುವೆ ಆಗ್ತೀಯಾ?"

ಅವಳ ಬಾಯಿಂದ ಬಂದದ್ದು ಸೆನೆಟಿನ ನ್ಯಾಯ ಸಮಿತಿಯ ಮಾತು. ಅಲ್ಲಿ ಹಳೆಯದೊಂದು ಪದ್ಧತಿ: ನ್ಯಾಯಾಧೀಶರ ಹೆಸರು ಮತಕ್ಕೆ ಬಂದಾಗ ಸದಸ್ಯರು ಯಾರಾದರೂ 'ಒಂದು ವಾರ ತಡೆಯಿರಿ' ಎಂದರೆ ತಡೆಯುತ್ತಾರೆ. ಕಾರಣ ಕೇಳುವಂತಿಲ್ಲ. ಆದರೆ ಅವಕಾಶ ಒಂದೇ ಸಲ. ಅಂದು ಬೆಳಿಗ್ಗೆಯಷ್ಟೇ ಹಾಲೊರನ್ ಬಾಯಿಂದ ಹೇಳಿಸಿ ವಾರ್ಡ್‌ವೆಲ್ ಹೆಸರನ್ನು ಹಾಗೆ ತಡೆಸಿದ್ದಳು.

"ಒಂದು ವಾರ ತಡೆ," ಎಂದಿದ್ದಳು.

ಅವನ ಕಣ್ಣಂಚು ನಕ್ಕಿತ್ತು. "ಕಾರಣ ಕೇಳಲ್ಲ."

ಇಂದು ಎರಡೂ ಗಡುವು ಮುಗಿಯುವ ದಿನ.

'ಬಿಡಿ ಮೇಡಂ' ಎಂದುಬಿಟ್ಟರೆ? ರಾತ್ರಿ ಅವನ ಎದುರು ಹಾಯಾಗಿ ಕೂರಬಹುದು. ಹಾಯೆನಿಸಿದ್ದಕ್ಕೇ ಅವಳಿಗೆ ಭಯವಾಯಿತು. ಆಫೀಸಿಗೆ ಹೋದವಳೇ ಕೋಟನ್ನೂ ಬಿಚ್ಚದೆ ಹೇಳಿದಳು: "ಹೋರಾಡಿ. ಸೋಲ್ತೀವಿ. ಆದ್ರೆ ಆ ಹೆಂಗಸರ ಹೆಸರು ಆ ಕೋಣೇಲಿ ಒಂದು ಸಲವಾದ್ರೂ ಕೇಳಿಸ್ಲಿ."

ಸಮಿತಿಯಲ್ಲಿ ಹಾಲೊರನ್ ಆ ಹೆಂಗಸರಲ್ಲಿ ಒಬ್ಬೊಬ್ಬರ ಹೆಸರನ್ನೂ ನಿಧಾನವಾಗಿ ಹೇಳಿದರು. ಅವರ ಬೆನ್ನ ಹಿಂದೆ ಕುಳಿತಿದ್ದ ಕೊರಿನ್, ಎದುರು ಸಾಲಿನಲ್ಲಿದ್ದ ಡೆಸ್ಮಂಡ್‌ನ ನೀಲಿ ಟೈ ಕಡೆ ನೋಡದಿರಲು ಹೆಣಗಿದಳು. ನೋಡಿದಳು. ಅವನೂ ನೋಡುತ್ತಿದ್ದ. ಆದರೆ ಅವಳನ್ನು ಕಂಡಾಗಲೆಲ್ಲ ಮೇಲೇರುವ ಆ ಎಡ ಹುಬ್ಬು ಇಂದು ಏರಲಿಲ್ಲ.

ಹಾಲೊರನ್ ಕಡೆಯವರು ಒಂದೇ ವೋಟಿನಲ್ಲಿ ಸೋತರು. ಡೆಸ್ಮಂಡ್ ತಿರುಗಿ ನೋಡದೆ ಹೊರಗೆ ಹೋದ.

ಸಂಜೆ ಪಾತ್ರೆ ತೊಳೆಯುತ್ತಾ ಕೊರಿನ್ ಒಂದೇ ತಟ್ಟೆಯನ್ನು ಎರಡು ಸಲ ಉಜ್ಜಿದಳು. ಕರೆಗಂಟೆ ಕೇಳಿಸಿತು.

ಡೆಸ್ಮಂಡ್! ಕೈಯಲ್ಲಿ ಕ್ಯಾಂಟೀನಿನ ಸೂಪಿನ ಡಬ್ಬಿ.

"ನಿಮ್ಮ ಮೇಡಂ ಭಾಷಣದಲ್ಲಿ 'ಅಷ್ಟಕ್ಕೂ' ಅಂತ ಮೂರು ಸಲ ಬಂತು," ಎಂದ. "ಅವರ ಬಾಯಲ್ಲಿ ಆ ಮಾತು ಯಾವತ್ತು ಬಂದಿತ್ತು? ನನ್ನ ಹತ್ರ ಜಗಳ ಆಡೋವಾಗ ನೀನು ಹೇಳೋದು ಅದು."

"ಕೋಪ ಬಂದಿಲ್ವಾ?"

"ಬಂದಿದೆ. ನಮ್ಮ ಸೆನೆಟರ್ ಒಬ್ರು ನಿಮ್ಮ ಕಡೆ ಜಾರಿದ್ರು, ಗೊತ್ತಾ? ಬಾಸ್ ಹತ್ರ ಇಷ್ಟು ಹೊತ್ತು ಬೈಸ್ಕೊಂಡು ಬಂದೆ." ಅವನ ದನಿ ಇಳಿಯಿತು. "ಆದ್ರೆ ಬೆಳಿಗ್ಗೆಯಿಂದ ಇದ್ದ ಹೆದರಿಕೆಯೇ ಬೇರೆ. ನನ್ನ ಮುಖ ನೋಡಿ ನೀನು ಬಿಟ್ಟುಬಿಡ್ತೀಯೇನೋ ಅಂತ. ಬಿಟ್ಟಿದ್ರೆ, ನಾನು ಮದುವೆ ಆಗೋಕೆ ಹೊರಟಿದ್ದು ಯಾರನ್ನ?"

ಅವಳು ಬಾಗಿಲಲ್ಲೇ, ಒದ್ದೆ ಕೈಯಲ್ಲೇ ಅವನನ್ನು ಅಪ್ಪಿಕೊಂಡಳು. ಸೋಪಿನ ನೊರೆ ಅವನ ನೀಲಿ ಟೈಗೆ ಮೆತ್ತಿತು.

"ನಾನು ಮತ್ತೆ ನಿಮ್ಮೋರ ವಿರುದ್ಧ ನಿಲ್ತೀನಿ, ಡೆಸ್."

"ನಿಲ್ಲು. ನಾನೂ ಸೋಲಿಸ್ತೀನಿ."

"ಒಂದೇ ವೋಟಲ್ಲಿ ಗೆದ್ದು ಎಷ್ಟು ಜಂಭ ನೋಡು!"

ಎಡ ಹುಬ್ಬು ಈಗ ಮೇಲೇರಿತು. "ವಾರ ಮುಗೀತು, ಕೊರಿನ್. ಇನ್ನೊಂದು ಸಲ ತಡೆಯೋ ಹಾಗಿಲ್ಲ."

"ಯಾರು ತಡೀತಿದಾರೆ?" ಎಂದಳು ಅವಳು. "ಹೂಂ. ಆಯ್ತಾ? ಹೂಂ."

ಅಡುಗೆಮನೆಯ ಬಾಗಿಲಲ್ಲಿ ಸದ್ದಾಯಿತು. ಟಿಲ್ಲಿ, ಒಂದು ಕಡೆ ಜಡೆ, ಇನ್ನೊಂದು ಕಡೆ ಹಕ್ಕಿಗೂಡು. ಇಬ್ಬರನ್ನೂ ನೋಡಿದಳು. ಸೂಪಿಗೆಂದು ಮೂರು ಬಟ್ಟಲು ಮೇಜಿನ ಮೇಲಿಟ್ಟು, ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದದ್ದನ್ನು ಕೊನೆಗೂ ಕೇಳಿದಳು:

"ಅಮ್ಮಾ, ಡೆಸ್ ಇನ್ಮೇಲೆ ನಮ್ಮನೆಯೋನಾ?"