ಮೂರು ಸಲ ಕೇಳಿತ್ತು

ಮಂಗಳವಾರ ಸಂಜೆ ಏಳೂಕಾಲಿಗೆ ಉಡಿಗಾಲದ ಪುಟ್ಟಮಾದು ಚಾಮರಾಜನಗರದ ಠಾಣೆಗೆ ಬಂದು ದೂರು ಬರೆಸಿದ. ಬದನಗುಪ್ಪೆಯ ಚೆಂಡುಹೂವಿನ ಕಾರ್ಖಾನೆಯಲ್ಲಿ ಹೂ ಒಣಗಿಸುವ ಕೋಣೆಯೊಳಗೆ ಅವನ ಹೆಂಡತಿ ಮಲ್ಲಾಜಮ್ಮ ಸಿಕ್ಕಿಕೊಂಡಿದ್ದಳು. ಬಾಗಿಲು ತೆಗೆಸುವಷ್ಟರಲ್ಲಿ ಮೈ ಬೆಂದಿತ್ತು. ಜೀವವೊಂದು ಉಳಿದಿತ್ತು, ಜಿಲ್ಲಾಸ್ಪತ್ರೆಯಲ್ಲಿ.

"ಬಾಗ್ಲು ಆಕ್ದೋರು ಯಾರು ಅಂತ ಯೋಳಿ, ಸಾಕು" ಎಂದ.

ಇನ್‌ಸ್ಪೆಕ್ಟರ್ ನೀಲಾವತಿ ಎಫ್‌ಐಆರ್ ದಾಖಲಿಸಿದರು. ಬುಧವಾರ ಬೆಳಿಗ್ಗೆ ಎಂಟಕ್ಕೆ ಹೆಡ್ ಕಾನ್‌ಸ್ಟೆಬಲ್ ನಿಂಗರಾಜು ಜೊತೆ ಸ್ಥಳ ಪಂಚನಾಮೆಗೆ ಹೋದರು. ಕೋಣೆಯ ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರಲಿಲ್ಲ. ಇದ್ದದ್ದು ಹೂವಿನ ಬಣ್ಣ ಮೆತ್ತಿದ ಅಂಗೈ ಗುರುತುಗಳು. ಎದೆಯ ಎತ್ತರದಿಂದ ಹಿಡಿದು ನೆಲದ ಹತ್ತಿರದವರೆಗೆ. ನೀಲಾವತಿ ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಗುರುತಿನ ಎತ್ತರವನ್ನು ಅಳೆಸಿದರು.

ಮ್ಯಾನೇಜರ್ ಮಹದೇವಪ್ಪ ಮಾತ್ರ ನಿರಾಳವಾಗಿದ್ದ. ಬಾಗಿಲು, ಬಿಸಿಗಾಳಿ, ಪಾಳಿ ಎಲ್ಲವನ್ನೂ ಹೋದ ವರ್ಷದಿಂದ ಎಐ ಏಜೆಂಟ್ ಎಂಬ ತಂತ್ರಾಂಶವೇ ನೋಡಿಕೊಳ್ಳುತ್ತದೆ, ಬಾಗಿಲನ್ನು ಯಾರೂ ಹಾಕಿಲ್ಲ ಎಂದ. ಯಾರೂ ಹಾಕದ ಬಾಗಿಲನ್ನು ಪಂಚನಾಮೆಯಲ್ಲಿ ಹೇಗೆ ಬರೆಯುವುದೆಂದು ನಿಂಗರಾಜು ಪೆನ್ನು ಹಿಡಿದು ನಿಂತ.

ಕೋಣೆ ಖಾಲಿ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕೆಲಸಗಾರರು ಒಳಹೋಗುವಾಗ, ಹೊರಬರುವಾಗ ಒತ್ತುವ ಕಾರ್ಡಿನಿಂದ. ಮಂಗಳವಾರ 4.52ಕ್ಕೆ ಮಲ್ಲಾಜಮ್ಮನದೂ ಸೇರಿ ಉಡಿಗಾಲದ ಏಳು ಹೆಂಗಸರ ಕಾರ್ಡುಗಳು ಒಂದೇ ನಿಮಿಷದಲ್ಲಿ ಹೊರಬಿದ್ದಿದ್ದವು. ಐದರ ಬಸ್ಸು ತಪ್ಪಬಾರದೆಂದು ಒಬ್ಬಳೇ ಮುಂದೆ ಬಂದು ಎಲ್ಲರ ಕಾರ್ಡನ್ನೂ ಒತ್ತುವುದು ಆ ಊರಿನವರ ರೂಢಿ. ಅಂದಿನ ಸರದಿ ಭಾಗ್ಯಳದು. "ಇಂದ್ಗಡೆನೇ ಬತ್ತಾವ್ಳೆ ಅನ್ಕಂಡೆ ಕಣವ್ವ" ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಬರದಿದ್ದಾಗ ಮುಂದಿನ ಬಸ್ಸಿಗೆ ಬರುತ್ತಾಳೆ ಎಂದುಕೊಂಡಿದ್ದರು.

ಇಲ್ಲಿಗೆ ಮುಗಿಯಿತು ಎಂದುಕೊಂಡ ನೀಲಾವತಿ, ಕಂಪ್ಯೂಟರಿನ ದಾಖಲೆ ನೋಡಿ ದಂಗಾದರು. ಯಂತ್ರಕ್ಕೆ ಅನುಮಾನ ಬಂದಿತ್ತು. 4.55ಕ್ಕೆ ಅದು ಸೂಪರ್‌ವೈಸರ್ ಶಾಂತರಾಜುವಿನ ಫೋನಿಗೆ ಕೇಳಿತ್ತು: "ಕ್ಯಾಮೆರಾದಲ್ಲಿ ಏನೋ ಅಲುಗಾಡುತ್ತಿದೆ. ಬಿಸಿಗಾಳಿ ಬಿಡಲೇ?" ಉತ್ತರ: ಬಿಡು. 5.01ಕ್ಕೆ ಮತ್ತೆ: "ಬಾಗಿಲು ಬಡಿದ ಸದ್ದು. ಮುಂದುವರಿಸಲೇ?" ಮುಂದುವರಿಸು. 5.09ಕ್ಕೆ ಮೂರನೆಯ ಸಲ. ಮುಂದುವರಿಸು.

ಇದು ಕೊಲೆ ಯತ್ನವೇ ಎನ್ನಿಸಿತು. ಆದರೆ ಮೂರೂ ಉತ್ತರ ಬಂದದ್ದು ಒಂದೊಂದೇ ಸೆಕೆಂಡಿನಲ್ಲಿ. ಆ ತಿಂಗಳ ಒಂಬತ್ತು ಸಾವಿರ ಉತ್ತರಗಳನ್ನು ತೆಗೆಸಿದರು. ಎಲ್ಲವೂ ಒಂದೇ ಸೆಕೆಂಡು, ಊಟದ ಹೊತ್ತಿನಲ್ಲೂ. ಮನುಷ್ಯ ಓದಿ ಕೊಟ್ಟ ಉತ್ತರ ಒಂದೂ ಇರಲಿಲ್ಲ.

10.40ಕ್ಕೆ ಆಸ್ಪತ್ರೆಯಿಂದ ಫೋನು ಬಂತು. ಮಲ್ಲಾಜಮ್ಮ ಹೋಗಿದ್ದಳು. ಎಫ್‌ಐಆರ್‌ನ ಕಲಂ ಬದಲಾಯಿತು.

ಮಧ್ಯಾಹ್ನ ಒಂದೂವರೆಗೆ ಗುಂಡ್ಲುಪೇಟೆಯಲ್ಲಿ ಕಂಪನಿಯ ಹೂ ಖರೀದಿ ಕೇಂದ್ರದಲ್ಲಿ ಶಾಂತರಾಜು ಸಿಕ್ಕ. ಎರಡೂ ಕಡೆಗೆ ಅವನೊಬ್ಬನೇ ಸೂಪರ್‌ವೈಸರ್.

"ನಿನ್ನೆ ಐದು ಗಂಟೆಗೆ ಎಲ್ಲಿದ್ದೆ?"

"ಇಲ್ಲೇ. ಹೂ ತೂಕ ಹಾಕಿಸ್ತಿದ್ದೆ."

"ಉತ್ತರ ಕೊಟ್ಟವರು ಯಾರು?"

ಅವನು ಫೋನು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ತಾನೇ ಕೂರಿಸಿಕೊಂಡಿದ್ದ ಇನ್ನೊಂದು ಏಜೆಂಟ್ ಇತ್ತು. ಕಾರ್ಖಾನೆಯದು ಏನೇ ಕೇಳಲಿ, ಇದು ಹೂಂ ಅನ್ನಬೇಕು. ಮಲ್ಲಾಜಮ್ಮ ಸತ್ತದ್ದನ್ನು ಕೇಳಿದಾಗ ಫೋನನ್ನು ಬೋರಲು ಹಾಕಿದ. ಅವಳನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. 2.10ಕ್ಕೆ ದಸ್ತಗಿರಿ ಮಾಡಿದರು.

ಹೇಳಿಕೆ ಬರೆದುಕೊಳ್ಳುವಾಗ ನೀಲಾವತಿಗೆ ಸಿಟ್ಟು ತಡೆಯಲಾಗಲಿಲ್ಲ. ಒಂದು ಸಲ ಯಾರನ್ನಾದರೂ ಕಳಿಸಿ ಬಾಗಿಲು ತೆಗೆಸಿ ನೋಡಬಾರದಿತ್ತೇ ಎಂದು ಕೇಳಿದರು.

ಶಾಂತರಾಜು ಹಿಂದಿನದನ್ನು ಹೇಳತೊಡಗಿದ. ಯುಗಾದಿಯವರೆಗೆ ಅಲ್ಲಿ ನಾಲ್ವರು ಸೂಪರ್‌ವೈಸರುಗಳಿದ್ದರು. ಉತ್ತರ ತಡ ಮಾಡುವವರ ಪಟ್ಟಿಯನ್ನು ಕಾರ್ಖಾನೆಯ ಏಜೆಂಟೇ ತಯಾರಿಸುತ್ತಿತ್ತು.

"ಚಂದ್ರಕುಮಾರ ಅಂತ ಒಬ್ಬ ಇದ್ದ ಮೇಡಂ" ಎಂದ. "ಅದು ಕೇಳ್ದಾಗೆಲ್ಲ ಓಗಿ, ಬಾಗ್ಲು ತೆಗ್ದು, ಒಳೀಕೆ ನೋಡ್ಬುಟ್ಟೇ ಉತ್ತರ ಕೊಡ್ತಿದ್ದ. ನಾಕು ನಿಮ್ಷ ಆಯ್ತಿತ್ತು. ಮೊದ್ಲು ಅವನ್ನೇ ಕೆಲ್ಸದಿಂದ ತೆಗ್ದ್ರು."