ಇಲ್ರಿ

ವಿಧಾನಸಭೆಯ ಮೈಕುಗಳನ್ನು ನಿಯಂತ್ರಿಸುವುದು ನನ್ನ ಕೆಲಸ. ನಾನು ಗುಂಡಿ ಒತ್ತದೆ ಯಾವ ಸದಸ್ಯರ ದನಿಯೂ ಹೊರಬರುವುದಿಲ್ಲ.

ಅಂದು ನಮ್ಮ ಕಡೆಯ ಶಾಸಕ ರಾಮಲಿಂಗಪ್ಪನವರಿಗೆ ಸಂತಾಪ ಸೂಚಿಸುವ ದಿನ. ಕೊಂಕಲ್ ಕಡೆ ಹೊಳೆಯಲ್ಲಿ ದೋಣಿ ಮಗುಚಿ ಕಾಣೆಯಾಗಿದ್ದರು. ಆಮೇಲೆ ಸಿಕ್ಕ ಹೆಣವನ್ನು ಪೊಲೀಸರು ಅಂಗಿ ನೋಡಿ ಅವರದೆಂದು ಗುರುತಿಸಿದ್ದರು. ಅವರ ಹೆಂಡತಿ ಮಲ್ಲಿಕಮ್ಮ, ನಮ್ಮೂರು ಗೋಗಿಯಲ್ಲಿ ನಮ್ಮ ನೆರೆಮನೆಯವರು, "ಇವ್ರು ನಮ್ಮವ್ರಲ್ಲ" ಎಂದು ಬಳೆ ಒಡೆಯಲು ಬಿಟ್ಟಿರಲಿಲ್ಲ.

ಸಭಾಧ್ಯಕ್ಷರು ನಿರ್ಣಯ ಓದಿ, "ಸದನದ ಒಪ್ಪಿಗೆ ಇದೆಯೇ?" ಎಂದರು. ಎಲ್ಲರೂ ಮೌನವಾಗಿ ಎದ್ದು ನಿಂತರು. ನನ್ನ ಹೆಡ್‌ಫೋನಿನಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಕಿವಿ ತಣ್ಣಗಾಯಿತು. ರಾಮಲಿಂಗಪ್ಪನವರ ಖಾಲಿ ಆಸನದ ಮೈಕಿನ ಕೆಂಪು ದೀಪ ತಾನಾಗಿ ಹತ್ತಿಕೊಂಡಿತ್ತು.

"ಇಲ್ರಿ... ನಾ ಇನ್ನಾ..."

ಸದನದಲ್ಲಿ 'ಇಲ್ಲ' ಎನ್ನುವಲ್ಲಿ 'ಇಲ್ರಿ' ಎಂದು ಎಲ್ಲರನ್ನೂ ನಗಿಸುತ್ತಿದ್ದವರು ಅವರೊಬ್ಬರೇ. ನಾನು ಗಾಬರಿಯಿಂದ ಗುಂಡಿ ಒತ್ತಿ ಮೈಕ್ ಆರಿಸಿದೆ. ಅಲ್ಲಿದ್ದ ಯಾರೂ ತಲೆ ಎತ್ತಲಿಲ್ಲ. ಸದನ ಮುಗಿದ ಮೇಲೆ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಆಲಿಸಿದೆ. ಅದರಲ್ಲಿ ಬರೀ ಮೌನವಿತ್ತು.

ಮಧ್ಯಾಹ್ನ ಮಲ್ಲಿಕಮ್ಮನವರ ಫೋನ್ ಬಂತು.

"ಭಾರತಿ, ಟಿವ್ಯಾಗ ಸದನ ನೋಡಾಕತ್ತಿದ್ನೆವ್ವ. ಅವ್ರು ಇನ್ನಾ ಏನೋ ಹೇಳಾಕತ್ತಿದ್ರು. ಅಷ್ಟರಾಗ ಮೈಕ್ ಯಾಕ ಬಂದ್ ಮಾಡ್ದಿ?"