ಸಾಗರ ಬಿಟ್ಟ ಗೋಲುಗಳು

“...ಖರೇನ ಅಕ್ಕಾ. ಸಾಗರ ಅಷ್ಟೂ ವರ್ಷ ನಿನ್ನ ಬಾಲ್ ಬೇಕಂತಲೇ ಬಿಡ್ತಿದ್ನಂತ. ಅವನ ಬಾಯಿಲೇ ಹೇಳ್ಯಾನ.”

ತಂಗಿ ಸರಿತಾ ಇಷ್ಟು ಹೇಳಿ ಅವಲಕ್ಕಿ ತಿನ್ನುವುದನ್ನು ಮುಂದುವರಿಸಿದಳು. ತುಳಜಾ ಚಹಾದ ಕಪ್ಪು ಕೆಳಗಿಟ್ಟಳು.

“ಯಾವ ಬಾಲ್?”

“ಎಲ್ಲಾ. ನೀ ಗೋವಾಕ್ಕ ಹೋಗೂಕಿಂತ ಮೊದಲು ದಿನಾ ಗ್ರೌಂಡಿನಾಗ ಅವನ್ನ ಗೋಲ್‌ಕೀಪರ್ ನಿಲ್ಲಿಸಿ ಹೊಡೀತಿದ್ದೆಲ್ಲಾ, ಅವು. ನಿನ್ನ ಕ್ಲಬ್ ಸುದ್ದಿ ಕೇಳಿ, ಪಾಪ, ಮಾರಿ ಸಣ್ಣ ಮಾಡ್ಕೊಂಡು ನಿಂತಿದ್ದ.”

ತುಳಜಾ ಗೋವಾದ ಒಂದು ಮಹಿಳಾ ಕ್ಲಬ್‌ನ ಸ್ಟ್ರೈಕರ್. ದಾಂಡೇಲಿಯ ಅವರ ಓಣಿಯಿಂದ ಸಂಬಳಕ್ಕೆ ಫುಟ್‌ಬಾಲ್ ಆಡಲು ಹೋದವಳು ಅವಳೊಬ್ಬಳೇ. ಮೊದಲ ಸೀಸನ್‌ನಲ್ಲಿ ಒಂಬತ್ತು ಗೋಲು. ಈ ಸಲ ಹನ್ನೊಂದು ಪಂದ್ಯ ಆಡಿದ್ದಳು... ಒಂದೂ ಇಲ್ಲ. ಹತ್ತು ದಿನ ಮನೆಗೆ ಹೋಗಿ ಬಾ, ಬಂದ ಮೇಲೆ ಒಂದು ಟ್ರಯಲ್, ಅದರಲ್ಲೂ ಹೀಗೇ ಆದರೆ ಕಾಂಟ್ರ್ಯಾಕ್ಟ್ ಇಲ್ಲ ಎಂದಿದ್ದರು ಕೋಚ್.

‘ನಾನು ಗೋಲು ಹೊಡೀತೀನಿ ಅನ್ನೋದೇ ಸುಳ್ಳಾ?’

ಅವಳು ಗಣೇಶಗುಡಿಯ ಬಸ್ಸು ಹತ್ತಿದಳು.

ಸಾಗರ ಅಲ್ಲಿ ರಾಫ್ಟಿಂಗ್ ಗೈಡ್. ನದಿಯ ದಂಡೆಯಲ್ಲಿ ರಾಫ್ಟಿಗೆ ಗಾಳಿ ತುಂಬುತ್ತಿದ್ದವನು, ಅವಳನ್ನು ಕಂಡದ್ದೇ ಪಂಪು ಬಿಟ್ಟು ಎದ್ದು ನಿಂತ.

“ಸರಿತಾ ಹೇಳಿದ್ಲೇನು?”

“ಯಾಕ ಹಂಗ ಮಾಡ್ದಿ?”

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡ. ಒರೆಸುತ್ತಲೇ ಇದ್ದ.

“ನೆನಪೈತೇನು, ಒಂದ್ ದಿನ ನಿನ್ನ ಏಳು ಬಾಲ್ ಸಾಲಾಗಿ ಹಿಡದೆ. ನೀ ಅಳಕೋತ ಹೋದಿ. ಮೂರ್ ದಿನ ಗ್ರೌಂಡಿಗೇ ಬರಲಿಲ್ಲ. ನಾಲ್ಕನೇ ದಿನ ಬಂದಿ, ಒಂದ್ ಬಿಟ್ಟೆ. ನೀ ನಕ್ಕಿ... ಆಮ್ಯಾಲೆ ನನ್ನ ಕೈ ಮುಂದ ಹೋಗಲೇ ಇಲ್ಲ.”

“ನಿನಗ ನನ್ನ ನಗು ಬೇಕಿತ್ತು. ನನಗ ಗೋಲ್ ಬೇಕಿತ್ತು, ಸಾಗರ.”

ತುಳಜಾಳ ಸಿಟ್ಟು ಯಾಕೋ ಅರ್ಧ ದಾರಿಯಲ್ಲೇ ದಣಿಯಿತು. ಇವನನ್ನು ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವು?

“ಇನ್ನೊಂದೈತಿ,” ಎಂದ ಸಾಗರ ಮೆಲ್ಲಗೆ. “ನೀ ಹೊಡಿಯೂಕಿಂತ ಮೊದಲು, ಗೋಲಿನ ಯಾವ ಮೂಲಿಗೆ ಹೊಡೀತಿಯೋ ಆ ಮೂಲಿ ಒಮ್ಮೆ ನೋಡ್ತಿ. ಕಣ್ಣು ಎಲ್ಲಿ ಹೋಗ್ತಾವೋ ಬಾಲ್ ಅಲ್ಲೇ ಬರ್ತೈತಿ. ನಂಗ ಮೊದಲಿಂದ ಗೊತ್ತಿತ್ತು. ಈಗ ನಿನ್ನ ಎದುರು ಆಡೋ ಕೀಪರ್‌ಗಳಿಗೂ ಗೊತ್ತಾಗೇತಿ.”

ಹನ್ನೊಂದು ಪಂದ್ಯಗಳ ಗೋಲ್‌ಕೀಪರ್‌ಗಳು ಒಬ್ಬೊಬ್ಬರಾಗಿ ತುಳಜಾಳ ಕಣ್ಣ ಮುಂದೆ ಬಂದರು. ಯಾರೂ ಚೆಂಡನ್ನು ನೋಡುತ್ತಿರಲಿಲ್ಲ... ಅವಳ ಮುಖವನ್ನೇ ನೋಡುತ್ತಿದ್ದರು. ಕಾಲು ಸರಿ ಇತ್ತು. ಕಣ್ಣು ಚಾಡಿ ಹೇಳುತ್ತಿತ್ತು, ಅಷ್ಟೇ!

“ಗೊತ್ತಿದ್ದೂ ಹೇಳಲಿಲ್ಲಲ್ಲೋ, ಹುಚ್ಚಪ್ಪಾ.”

“ಹೇಳಿದ್ರ ನೀ ಗೋಲ್ ನೋಡೂದ ಬಿಡ್ತಿದ್ದಿ. ಗೋಲ್‌ನಾಗ ನಾ ಇರ್ತಿದ್ದೆ...”

ಅವಳಿಗೆ ನಗು ಬಂತು. ತಡೆದುಕೊಂಡಳು. ಆಗಲಿಲ್ಲ.

“ಮನಸಿನಾಗ ಇದ್ದದ್ದನ್ನ ಬಾಯಿಲೇ ಹೇಳಬೇಕಿತ್ತು. ಗೋಲ್ ಬಿಟ್ಟರ ನನಗ ಹೆಂಗ ತಿಳೀಬೇಕು?”

“ಈಗ ಹೇಳ್ಲೇನು?”

“ಹೇಳು.”

“ನೀ ಅಂದ್ರ ನಂಗ ಭಾಳ ಇಷ್ಟ, ತುಳಜಾ.”

“ನಂಗೂ,” ಎಂದಳು, ನದಿಯ ಕಡೆ ನೋಡುತ್ತ. “ಆದ್ರ ಟ್ರಯಲ್‌ಗೆ ಆರ ದಿನ ಉಳದಾವ. ನಾಳೆ ಮುಂಜಾನೆ ಆರಕ್ಕ ಗ್ರೌಂಡಿಗೆ ಬಾ. ಒಂದೂ ಬಿಡಬ್ಯಾಡ.”

“ನೀ ಅತ್ತರ?”

“ಅಳ್ತೇನಿ. ನೀ ಗೋಲ್ ಬಿಟ್ಟು ಬರಬ್ಯಾಡ, ಅಲ್ಲೇ ನಿಲ್ಲು.”

“ನಿಲ್ತೇನಿ. ಐದೂವರೆಗೇ ಬಂದು ನಿಲ್ತೇನಿ.”